ಕಾಫಿ ಹೌಸಿನ ಚರಿತ್ರೆ ಬರೆಯುವ ಬಗೆ: ಕಾರ್ಮಿಕರ ಸಹಕಾರ ಸಂಘದ ಜಾಡು ಹಿಡಿದು

ಇಂಡಿಯನ್ ಕಾಫಿ ಹೌಸಿನ ಬಗ್ಗೆ ಕನ್ನಡದಲ್ಲಿಯೂ ಇತರ ಭಾಷೆಗಳಲ್ಲಿಯೂ ಬಂದಿರುವ ಬರಹಗಳಲ್ಲಿ ಹೆಚ್ಚಿನವು ಅಲ್ಲಿನ ಮೇಜುಗಳ ಸುತ್ತ ಕುಳಿತು ಹರಟಿದ ಸಾಹಿತಿಗಳು, ಪತ್ರಕರ್ತರು ಮತ್ತು ರಾಜಕಾರಣಿಗಳ ನೆನಪುಗಳು. ಅವು ಓದಲು ಸೊಗಸಾಗಿಯೇ ಇವೆ. ಆದರೆ ಆ ಮೇಜಿಗೆ ಕಾಫಿ ತಂದಿಟ್ಟ ನೌಕರನೇ ಆ ಹೋಟೆಲಿನ ಷೇರುದಾರನೂ ಆಗಿದ್ದನೆಂಬ ಸಂಗತಿ ಅಂಥ ಬರಹಗಳಲ್ಲಿ ಒಂದು ಸಾಲಿನಲ್ಲಿ ಬಂದು ಹೋಗುತ್ತದೆ. ನಿಮ್ಮ ಊರಿನ ಕಾಫಿ ಹೌಸಿನ ಚರಿತ್ರೆಯನ್ನು ಬರೆಯಬೇಕೆಂದಿದ್ದರೆ ಆ ಸಾಲಿನಿಂದಲೇ ಹೊರಡಿ ಎಂಬುದು ನನ್ನ ಒತ್ತಾಯ. ಗಿರಾಕಿಗಳ ನೆನಪುಗಳು ಹೇಗೂ ಸಿಗುತ್ತವೆ. ನೌಕರರ ಸಂಘದ ಕಾಗದಪತ್ರಗಳನ್ನು ಯಾರಾದರೂ ಹುಡುಕದಿದ್ದರೆ ಅವು ಗೆದ್ದಲಿಗೆ ಆಹಾರವಾಗುತ್ತವೆ. ಆ ಕಾಗದಗಳು ಎಲ್ಲಿರುತ್ತವೆ, ಅವುಗಳನ್ನು ಹೇಗೆ ಓದಬೇಕು, ಯಾರನ್ನು ಏನೆಂದು ಕೇಳಬೇಕು ಎಂಬುದನ್ನು ಮುಂದೆ ವಿವರಿಸಿದ್ದೇನೆ.

ಯಾವ ಸಂಘ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಿ

ಇಂಡಿಯನ್ ಕಾಫಿ ಹೌಸ್ ಎಂಬ ಹೆಸರಿನ ಒಂದೇ ಕಂಪನಿ ಇಲ್ಲ. ದೇಶದ ಬೇರೆಬೇರೆ ಭಾಗಗಳಲ್ಲಿ ಪ್ರದೇಶಕ್ಕೊಂದರಂತೆ ನೌಕರರ ಸಹಕಾರ ಸಂಘಗಳಿದ್ದು, ತಮ್ಮ ಪ್ರದೇಶದ ಮಳಿಗೆಗಳನ್ನು ಅವು ತಾವೇ ನಡೆಸುತ್ತವೆ. ಇವುಗಳನ್ನು ಬೆಸೆಯುವ ಅಖಿಲ ಭಾರತ ಒಕ್ಕೂಟವೊಂದು ಇದ್ದರೂ ಗಲ್ಲಾಪೆಟ್ಟಿಗೆ, ಲೆಕ್ಕಪತ್ರ, ಚುನಾವಣೆ ಎಲ್ಲವೂ ಆಯಾ ಸಂಘದವೇ. ಕೇರಳವೊಂದರಲ್ಲೇ ಎರಡು ಸಂಘಗಳಿವೆ: ಉತ್ತರ ಭಾಗದ ಮಳಿಗೆಗಳು ಕಣ್ಣೂರಿನ ಸಂಘಕ್ಕೆ ಸೇರಿದರೆ, ಮಧ್ಯ ಮತ್ತು ದಕ್ಷಿಣ ಭಾಗದವು ತ್ರಿಶೂರಿನ ಸಂಘಕ್ಕೆ ಸೇರುತ್ತವೆ. ಬೆಂಗಳೂರು, ದೆಹಲಿ, ಕೋಲ್ಕತ್ತ, ಜಬಲ್ಪುರ, ಪುದುಚೇರಿಗಳ ಸಂಘಗಳದು ಬೇರೆಬೇರೆ ಕಥೆ. ಆದ್ದರಿಂದ ಒಂದು ಊರಿನ ಕಾಫಿ ಹೌಸಿನ ವಿಷಯವನ್ನು ಇನ್ನೊಂದು ಊರಿನದಕ್ಕೆ ಹಚ್ಚಿ ಬರೆಯುವುದು ತಪ್ಪಾಗುತ್ತದೆ. ಕೇರಳದ ಮಳಿಗೆಗಳ ಮಸಾಲೆದೋಸೆಯ ಪಲ್ಯದಲ್ಲಿಯೂ ಕಟ್ಲೆಟ್ಟಿನಲ್ಲಿಯೂ ಬೀಟ್‌ರೂಟಿನ ಕೆಂಪು ಇರುತ್ತದೆಂಬುದು ಪ್ರಸಿದ್ಧವಾದ ಮಾತು. ಅದನ್ನು ಓದಿದ ಕೂಡಲೇ ಕಾಫಿ ಹೌಸುಗಳೆಲ್ಲವೂ ಹಾಗೆಯೇ ಎಂದು ಬರೆದುಬಿಡಬಾರದು.

ಸಂಘವನ್ನು ಗುರುತಿಸುವ ಸುಲಭ ದಾರಿ ಬಿಲ್ಲಿನ ತಲೆಬರಹ. ಕಾಫಿ ಕುಡಿದು ಬಿಲ್ಲನ್ನು ಎಸೆಯದೆ ಇಟ್ಟುಕೊಳ್ಳಿ. ಸಂಘದ ಪೂರ್ಣ ಹೆಸರು ಅದರ ಮೇಲೆ ಇರುತ್ತದೆ, ಕೆಲವು ಸಲ ನೋಂದಣಿ ಸಂಖ್ಯೆಯೂ ಇರುತ್ತದೆ. ಆ ಹೆಸರನ್ನು ಅಕ್ಷರಶಃ ನಕಲು ಮಾಡಿಕೊಳ್ಳಿ. ಹಳೆಯ ಕಾಗದಗಳಲ್ಲಿ ಕೆಲವೆಡೆ ಇಂಡಿಯಾ ಕಾಫಿ ಹೌಸ್ ಎಂದೂ ಕೆಲವೆಡೆ ಇಂಡಿಯನ್ ಕಾಫಿ ಹೌಸ್ ಎಂದೂ ಇರುವುದರಿಂದ, ಮುಂದೆ ಯಾವ ಸೂಚಿಯಲ್ಲಿ ಹುಡುಕಿದರೂ ಎರಡೂ ರೂಪಗಳಲ್ಲಿ ಹುಡುಕಬೇಕು.

ಎರಡು ಕಾಲಗಳನ್ನು ಬೇರ್ಪಡಿಸಿಕೊಳ್ಳಿ

ಕಾಫಿ ಹೌಸಿನ ಚರಿತ್ರೆಗೆ 1957 ಒಂದು ಗಡಿ. ಅದಕ್ಕೆ ಮೊದಲಿನ ಇಪ್ಪತ್ತು ವರ್ಷಗಳ ಕಾಗದಗಳು ಒಂದು ಕಡೆ, ಆಮೇಲಿನವು ಇನ್ನೊಂದು ಕಡೆ ಇರುವುದರಿಂದ ಹಿನ್ನೆಲೆಯನ್ನು ಮೊದಲೇ ತಿಳಿದಿರಬೇಕು.

1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಕಾಫಿಯ ಬೆಲೆ ಕುಸಿದು ಕೊಡಗು, ಚಿಕ್ಕಮಗಳೂರು, ಹಾಸನದ ತೋಟಗಳೆಲ್ಲ ಕಂಗೆಟ್ಟಿದ್ದಾಗ, 1935ರ ಸೆಸ್ ಕಾನೂನಿನ ಮೂಲಕ ಕಾಫಿಯ ಮೇಲೆ ತೆರಿಗೆ ಎತ್ತಿ, ಆ ಹಣವನ್ನು ಕಾಫಿಯ ಪ್ರಚಾರಕ್ಕೆ ಬಳಸುವ ಸಮಿತಿಯೊಂದು ಹುಟ್ಟಿತು. ಚಹಾ ಕುಡಿಯುವ ಊರುಗಳಲ್ಲಿ ಕಾಫಿಯ ರುಚಿ ಹತ್ತಿಸುವುದು ಅದರ ಕೆಲಸಗಳಲ್ಲೊಂದು. 1936ರಲ್ಲಿ ಮುಂಬಯಿಯ ಚರ್ಚ್‌ಗೇಟಿನಲ್ಲಿ ಮೊದಲ ಕಾಫಿ ಹೌಸ್ ತೆರೆಯಿತು. ಎರಡನೆಯ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಮುಚ್ಚಿಹೋದಾಗ ದೇಶದೊಳಗೇ ಕಾಫಿ ಕುಡಿಸುವುದು ಇನ್ನಷ್ಟು ಅಗತ್ಯವಾಯಿತು. 1942ರ ಕಾಫಿ ಕಾಯ್ದೆಯ ಹೊತ್ತಿಗೆ ಕಾಫಿ ಬೋರ್ಡ್ ರೂಪುಗೊಂಡು, ನಲವತ್ತರ ದಶಕದಲ್ಲಿ ಮಳಿಗೆಗಳ ಸಂಖ್ಯೆ ಐವತ್ತರ ಸುಮಾರಿಗೆ ಬಂತು. ಐವತ್ತರ ದಶಕದ ನಡುವೆ ಬೋರ್ಡ್ ತನ್ನ ಮಳಿಗೆಗಳನ್ನು ಮುಚ್ಚಲು ಹೊರಟಿತು. ಕೆಲಸ ಕಳೆದುಕೊಳ್ಳುವ ನೌಕರರನ್ನು ಸಂಘಟಿಸಿ, ನೀವೇ ಸಹಕಾರ ಸಂಘ ಕಟ್ಟಿಕೊಂಡು ಮಳಿಗೆಗಳನ್ನು ವಹಿಸಿಕೊಳ್ಳಿ ಎಂಬ ದಾರಿಗೆ ಹಚ್ಚಿದವರಲ್ಲಿ ಮುಖ್ಯರು ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್. ಅವರು 1957ರಲ್ಲಿ ಕಾಸರಗೋಡಿನಿಂದ ಲೋಕಸಭೆಗೆ ಆರಿಸಿಬಂದವರು. ಕನ್ನಡಿಗರು ಗಣನೀಯವಾಗಿರುವ ಕ್ಷೇತ್ರವದು ಎಂಬುದನ್ನು ನಮ್ಮ ಓದುಗರು ಗಮನಿಸಬೇಕು. ಮೊದಲ ಸಂಘ ಬೆಂಗಳೂರಿನಲ್ಲಿಯೇ 1957ರ ಆಗಸ್ಟ್ 19ರಂದು ಸ್ಥಾಪನೆಯಾಯಿತು. ಅದೇ ವರ್ಷದ ಅಕ್ಟೋಬರ್ 27ರಂದು ದೆಹಲಿಯಲ್ಲಿ ನೌಕರರದೇ ಆದ ಕಾಫಿ ಹೌಸ್ ತೆರೆಯಿತು. ಮರುವರ್ಷ ತ್ರಿಶೂರಿನ ಸರದಿ.

ಬೋರ್ಡಿನ ಕಾಲದ ವಿಷಯಕ್ಕೆ ಬೆಂಗಳೂರಿನಲ್ಲಿರುವ ಕಾಫಿ ಬೋರ್ಡಿನ ವಾರ್ಷಿಕ ವರದಿಗಳು ಮತ್ತು ಅದು ಹೊರತರುತ್ತಿದ್ದ ನಿಯತಕಾಲಿಕೆಗಳೇ ಆಧಾರ. ಮಳಿಗೆಗಳ ಮುಚ್ಚುಗಡೆ ಒಂದು ರಾಜಕೀಯ ಪ್ರಶ್ನೆಯೂ ಆಗಿದ್ದುದರಿಂದ ಐವತ್ತರ ದಶಕದ ಸಂಸತ್ತಿನ ಪ್ರಶ್ನೋತ್ತರಗಳಲ್ಲಿ ಹುಡುಕುವುದನ್ನು ಮರೆಯಬೇಡಿ. ಹಳೆಯ ಲೋಕಸಭಾ ಚರ್ಚೆಗಳು ಸಂಸತ್ತಿನ ಡಿಜಿಟಲ್ ಗ್ರಂಥಾಲಯದಲ್ಲಿ ಹಣ ಕೊಡದೆ ಓದಲು ಸಿಗುತ್ತವೆ. ಇಷ್ಟನ್ನು ಎರಡು ಪುಟಕ್ಕೆ ಮೀರಿಸದಂತೆ ಬರೆದುಕೊಂಡು ಮುಂದೆ ಹೋಗಿ. ಈ ಹಿನ್ನೆಲೆ ಎಲ್ಲ ಊರಿನ ಕಾಫಿ ಹೌಸಿಗೂ ಸಮಾನವಾದುದರಿಂದ ನಿಮ್ಮ ಶ್ರಮವೆಲ್ಲ ಇಲ್ಲೇ ಸೋರಿಹೋಗಬಾರದು.

ಸಂಘದ ಕಾಗದಗಳು

ಸಹಕಾರ ಸಂಘವೆಂದರೆ ಕಾನೂನಿನ ಪ್ರಕಾರ ಕಾಗದ ಹುಟ್ಟಿಸಲೇಬೇಕಾದ ಸಂಸ್ಥೆ. ಖಾಸಗಿ ಹೋಟೆಲಿನ ಚರಿತ್ರೆ ಬರೆಯುವವರಿಗೆ ಇಲ್ಲದ ಭಾಗ್ಯ ಇದು. ನೋಂದಣಿ ಪ್ರಮಾಣಪತ್ರ, ಉಪವಿಧಿಗಳು (ಬೈಲಾ), ಸದಸ್ಯರ ರಿಜಿಸ್ಟರ್, ಆಡಳಿತ ಮಂಡಳಿಯ ಸಭೆಗಳ ನಡಾವಳಿ ಪುಸ್ತಕ, ವರ್ಷವರ್ಷದ ಲೆಕ್ಕಪರಿಶೋಧನಾ ವರದಿ, ವಾರ್ಷಿಕ ಮಹಾಸಭೆಯ ವರದಿ ಇವೆಲ್ಲವೂ ಇದ್ದೇ ಇರಬೇಕು. ಒಂದು ಪ್ರತಿ ಸಂಘದ ಕಚೇರಿಯಲ್ಲಿ ಇರದಿದ್ದರೂ ಸಹಕಾರ ಸಂಘಗಳ ನಿಬಂಧಕರ (ರಿಜಿಸ್ಟ್ರಾರ್) ಇಲಾಖೆಗೆ ಹೋದ ಪ್ರತಿ ಉಳಿದಿರುವ ಸಾಧ್ಯತೆಯಿದೆ. ಬೆಂಗಳೂರಿನ ಸಂಘ ಹುಟ್ಟಿದಾಗ ಕರ್ನಾಟಕದ ಈಗಿನ 1959ರ ಸಹಕಾರ ಸಂಘಗಳ ಕಾಯ್ದೆ ಇನ್ನೂ ಬಂದಿರಲಿಲ್ಲ. ಹಾಗಾಗಿ ಆರಂಭದ ಕಡತಗಳನ್ನು ಹಳೆಯ ಮೈಸೂರು ಕಾಯ್ದೆಯ ಅಡಿಯಲ್ಲಿ ಕೇಳಬೇಕಾಗುತ್ತದೆ.

ಮೊದಲು ಸಂಘದ ಕಾರ್ಯದರ್ಶಿಯನ್ನು ಕಾಣಿ. ಮಧ್ಯಾಹ್ನದ ಊಟದ ಹೊತ್ತಿನಲ್ಲಿಯೂ ಸಂಜೆಯ ನೂಕುನುಗ್ಗಲಿನಲ್ಲಿಯೂ ಹೋಗಬೇಡಿ. ಬೆಳಗಿನ ತಿಂಡಿಯ ಗದ್ದಲ ಇಳಿದ ಮೇಲೆ ಹೋಗಿ. ನೀವು ಯಾರು, ಬರಹ ಎಲ್ಲಿ ಪ್ರಕಟವಾಗುತ್ತದೆ, ಯಾವ ವರ್ಷಗಳ ಯಾವ ಕಾಗದ ಬೇಕು ಎಂಬುದನ್ನು ಒಂದು ಪುಟದ ಪತ್ರದಲ್ಲಿ ಬರೆದು ಕೈಗೆ ಕೊಡಿ. ಎಲ್ಲವನ್ನೂ ತೋರಿಸಿ ಎಂದು ಕೇಳಿದರೆ ಏನೂ ಸಿಗುವುದಿಲ್ಲ. ಮೊದಲ ಮಹಾಸಭೆಯ ವರದಿ ಮತ್ತು ಹಳೆಯ ಉಪವಿಧಿಗಳ ಪುಸ್ತಕವನ್ನು ನೋಡಬಹುದೇ ಎಂದು ಕೇಳಿದರೆ ಬೀರು ತೆರೆಯುವ ಸಂಭವ ಹೆಚ್ಚು. ಪುಟಗಳನ್ನು ಮೊಬೈಲಿನಲ್ಲಿ ಚಿತ್ರ ತೆಗೆಯುವುದಾದರೆ ಒಪ್ಪಿಗೆ ಪಡೆದೇ ತೆಗೆಯಿರಿ. ರಟ್ಟಿನ ಹೊದಿಕೆ, ಮೊದಲ ಪುಟ, ಕೊನೆಯ ಪುಟ ಇವುಗಳನ್ನೂ ಸೇರಿಸಿಕೊಳ್ಳಿ.

ಸಂಘದಲ್ಲಿ ಸಿಗದದ್ದನ್ನು ಮಾಹಿತಿ ಹಕ್ಕಿನ ಮೂಲಕ ಪಡೆಯಲು ಒಂದು ಸೂಕ್ಷ್ಮವನ್ನು ತಿಳಿದಿರಬೇಕು. ಕೇರಳದ ತಲಪ್ಪಲಂ ಸೇವಾ ಸಹಕಾರ ಬ್ಯಾಂಕಿನ ಪ್ರಕರಣದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟು, ಸರ್ಕಾರದ ಗಣನೀಯ ಹಣವೂ ಹತೋಟಿಯೂ ಇಲ್ಲದ ಸಹಕಾರ ಸಂಘಗಳು ಮಾಹಿತಿ ಹಕ್ಕು ಕಾಯ್ದೆಯ ಅರ್ಥದಲ್ಲಿ ಸಾರ್ವಜನಿಕ ಪ್ರಾಧಿಕಾರಗಳಲ್ಲ ಎಂದು ಹೇಳಿತು. ಆದರೆ ನಿಬಂಧಕರು ಕಾನೂನಿನ ಬಲದಿಂದ ಸಂಘದಿಂದ ಪಡೆಯಬಹುದಾದ ಮಾಹಿತಿಯನ್ನು ನಿಬಂಧಕರಲ್ಲಿ ಕೇಳಬಹುದೆಂದೂ ಹೇಳಿತು. ಆದ್ದರಿಂದ ಅರ್ಜಿಯನ್ನು ಸಂಘಕ್ಕೆ ಹಾಕದೆ ನಿಬಂಧಕರ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಹಾಕಬೇಕು. ಅರ್ಜಿ ಶುಲ್ಕ ಹತ್ತು ರೂಪಾಯಿ, ಉತ್ತರಕ್ಕೆ 30 ದಿನಗಳ ಗಡುವು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳೊಳಗೆ ಇರಬೇಕಾದುದರಿಂದ, ನೋಂದಣಿಯ ಕಡತಕ್ಕೆ ಒಂದು ಅರ್ಜಿ, ಲೆಕ್ಕಪರಿಶೋಧನಾ ವರದಿಗಳಿಗೆ ಇನ್ನೊಂದು ಅರ್ಜಿ ಎಂದು ಬೇರೆ ಬೇರೆ ಮಾಡಿ.

ಕಾಗದ ಕೈಗೆ ಬಂದ ಮೇಲೆ ಎಲ್ಲಕ್ಕಿಂತ ಮೊದಲು ಉಪವಿಧಿಗಳನ್ನು ಓದಿ. ಸದಸ್ಯತ್ವ ಯಾರಿಗೆ ಎಂಬ ಒಂದು ಕಲಮಿನಲ್ಲಿ ಸಂಘದ ಸ್ವಭಾವವೆಲ್ಲ ಇರುತ್ತದೆ. ನೌಕರನಲ್ಲದವನು ಷೇರು ಕೊಳ್ಳಬಹುದೇ? ಕೆಲಸಕ್ಕೆ ಸೇರಿದ ಎಷ್ಟು ವರ್ಷಕ್ಕೆ ಸದಸ್ಯತ್ವ? ನಿವೃತ್ತನಾದವನ ಷೇರು ಹಣ ಏನಾಗುತ್ತದೆ? ಆಡಳಿತ ಮಂಡಳಿಯಲ್ಲಿ ಅಡುಗೆಮನೆಯವರಿಗೆ ಸ್ಥಾನ ಇದೆಯೇ, ಇಲ್ಲವೇ ಗಲ್ಲಾದವರೇ ತುಂಬಿದ್ದಾರೆಯೇ? ತಿದ್ದುಪಡಿಗಳನ್ನು ವರ್ಷದ ಕ್ರಮದಲ್ಲಿ ಜೋಡಿಸಿದರೆ ಈ ಪ್ರಶ್ನೆಗಳಿಗೆ ಸಂಘ ಕಾಲಕಾಲಕ್ಕೆ ಕೊಟ್ಟ ಉತ್ತರಗಳು ಕಾಣುತ್ತವೆ. ಆಮೇಲೆ ಲೆಕ್ಕಪರಿಶೋಧನಾ ವರದಿಯಲ್ಲಿ ಸಂಬಳ, ಬಾಡಿಗೆ, ಹಾಲು, ಕಾಫಿಪುಡಿ ಎಂಬ ನಾಲ್ಕು ಬಾಬತ್ತುಗಳನ್ನು ಮಾತ್ರ ಹತ್ತು ವರ್ಷಕ್ಕೊಮ್ಮೆ ತೆಗೆದು ಒಂದರ ಪಕ್ಕ ಒಂದು ಇಡಿ. ಒಟ್ಟು ಖರ್ಚಿನಲ್ಲಿ ಇವುಗಳ ಪಾಲು ಬದಲಾಗುತ್ತ ಬಂದ ರೀತಿ ಮಳಿಗೆ ಏಕೆ ಉಳಿಯಿತು, ಅಥವಾ ಏಕೆ ಉಳಿಯಲಿಲ್ಲ ಎಂಬುದನ್ನು ಯಾವ ಸಂದರ್ಶನಕ್ಕಿಂತಲೂ ಸ್ಪಷ್ಟವಾಗಿ ತಿಳಿಸುತ್ತದೆ.

ತಾರೀಖಿಲ್ಲದ ದರಪಟ್ಟಿಯ ಕಾಲ ಗುರುತಿಸುವುದು

ಈ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದು. ಹಳೆಯ ದರಪಟ್ಟಿಗಳಲ್ಲಿಯೂ ಛಾಯಾಚಿತ್ರಗಳಲ್ಲಿಯೂ ತಾರೀಖು ಬಹುಮಟ್ಟಿಗೆ ಇರುವುದಿಲ್ಲ. ಆದರೆ ಕಾಲವನ್ನು ಹೇಳುವ ಗುರುತುಗಳು ಅವುಗಳ ಮೈಮೇಲೆಯೇ ಇರುತ್ತವೆ.

ಮೊದಲು ನಾಣ್ಯವನ್ನು ನೋಡಿ. ನಮ್ಮಲ್ಲಿ ದಶಮಾಂಶ ನಾಣ್ಯಪದ್ಧತಿ 1957ರ ಏಪ್ರಿಲ್ 1ರಂದು, ಅಂದರೆ ಬೆಂಗಳೂರಿನ ಸಂಘ ಹುಟ್ಟುವುದಕ್ಕೆ ಕೆಲವೇ ತಿಂಗಳು ಮೊದಲು ಜಾರಿಗೆ ಬಂತು. ಬೆಲೆ ಆಣೆಗಳಲ್ಲಿ ಮಾತ್ರ ಇದ್ದರೆ ಆ ಪಟ್ಟಿ ಬೋರ್ಡಿನ ಕಾಲದ್ದೆಂದು ತಿಳಿಯಬಹುದು. ನಯಾ ಪೈಸೆ ಎಂದಿದ್ದರೆ 1957ಕ್ಕೂ 1964ಕ್ಕೂ ನಡುವಿನದು. 1964ರ ಜೂನ್ 1ರಿಂದ ನಯಾ ಎಂಬುದು ಬಿದ್ದುಹೋಗಿ ಬರಿಯ ಪೈಸೆ ಉಳಿಯಿತು. ಇನ್ನೂ ಸೂಕ್ಷ್ಮವಾದ ಗುರುತೊಂದಿದೆ. ಬದಲಾವಣೆಯ ಆ ವರ್ಷಗಳಲ್ಲಿ ಎರಡಾಣೆಯನ್ನು 12 ನಯಾ ಪೈಸೆಗೂ ಮೂರಾಣೆಯನ್ನು 19 ನಯಾ ಪೈಸೆಗೂ ಸಮವೆಂದು ಲೆಕ್ಕ ಹಾಕುತ್ತಿದ್ದರು. ಪಟ್ಟಿಯಲ್ಲಿ 12, 19 ಎಂಬಂಥ ವಿಚಿತ್ರವಾಗಿ ತೋರುವ ಬೆಲೆಗಳಿದ್ದರೆ ಅವು ಹಳೆಯ ಆಣೆ ಬೆಲೆಗಳ ಪರಿವರ್ತನೆ. ಗಿರಾಕಿಯ ಮನಸ್ಸು ಇನ್ನೂ ಆಣೆಯಲ್ಲೇ ಲೆಕ್ಕ ಹಾಕುತ್ತಿದ್ದ ಕಾಲದ ಪಟ್ಟಿ ಅದು. 15, 20, 25 ಎಂದು ದುಂಡಗಿನ ಅಂಕಿಗಳಿಗೆ ಬಂದಿದ್ದರೆ ಕೆಲವು ವರ್ಷ ಸರಿದಿವೆ ಎಂದು ಊಹಿಸಬಹುದು.

ಕಾಫಿಪುಡಿಯನ್ನೂ ಮಾರುತ್ತಿದ್ದರೆ ತೂಕ ನೋಡಿ. ಪೌಂಡು, ಸೇರುಗಳು ಹೋಗಿ ಕಿಲೋ, ಗ್ರಾಂ ಬಂದದ್ದು 1958ರಿಂದ 1962ರೊಳಗೆ, ಹಂತಹಂತವಾಗಿ. ವಿಳಾಸದಲ್ಲಿ ಬೆಂಗಳೂರು-1 ಎಂದಷ್ಟೇ ಇದ್ದರೆ 1972ರ ಆಗಸ್ಟ್ 15ಕ್ಕೆ ಮೊದಲಿನದಾಗಿರುವ ಸಂಭವ ಹೆಚ್ಚು; 560001 ಎಂಬ ಪಿನ್ ಕೋಡ್ ಇದ್ದರೆ ಖಂಡಿತವಾಗಿ ಅನಂತರದ್ದು. ಮೈಸೂರು ರಾಜ್ಯ ಎಂದಿದ್ದರೆ 1973ರ ನವೆಂಬರ್ 1ಕ್ಕೆ ಮೊದಲಿನದು. ಹಳೆಯ ಲೆಟರ್‌ಹೆಡ್ಡುಗಳನ್ನು ಮುಗಿಯುವವರೆಗೆ ಬಳಸುವುದು ನಮ್ಮ ಸಂಘಸಂಸ್ಥೆಗಳ ವಾಡಿಕೆಯಾದ್ದರಿಂದ ಒಂದೇ ಗುರುತಿನ ಮೇಲೆ ತೀರ್ಮಾನಕ್ಕೆ ಬರಬೇಡಿ. ಎರಡು ಗುರುತುಗಳಾದರೂ ಒಂದೇ ಮಾತು ಹೇಳಬೇಕು.

ಬೆಲೆ ಏರಿದ ಗಳಿಗೆಗಳನ್ನೂ ಹೀಗೆಯೇ ಬೆನ್ನಟ್ಟಬಹುದು. 1975ರ ಜುಲೈಯಲ್ಲಿ ಬ್ರೆಜಿಲಿನ ತೋಟಗಳ ಮೇಲೆ ಬಿದ್ದ ಹಿಮದಿಂದ ಜಗತ್ತಿನ ಕಾಫಿ ಬೆಲೆ ಹಾರಿತು. 1994ರಲ್ಲಿ ಮತ್ತೆ ಹಾಗಾಯಿತು. 1996ರ ಹೊತ್ತಿಗೆ ಬೆಳೆಗಾರರು ತಮ್ಮ ಕಾಫಿಯನ್ನೆಲ್ಲ ಬೋರ್ಡಿನ ಪೂಲಿಗೆ, ಅಂದರೆ ಒಟ್ಟು ಸಂಗ್ರಹಕ್ಕೆ, ಒಪ್ಪಿಸಬೇಕೆಂಬ ವ್ಯವಸ್ಥೆ ಕೊನೆಗೊಂಡು ಮುಕ್ತ ಮಾರಾಟ ಬಂತು. ಈ ವರ್ಷಗಳ ಆಚೀಚೆಯ ನಡಾವಳಿಗಳಲ್ಲಿ ಲೋಟದ ಬೆಲೆಯ ಬಗ್ಗೆ ಚರ್ಚೆ ನಡೆದಿದೆಯೇ ಎಂದು ನೋಡಿ. ಬೆಲೆ ಏರಿಸಿದರೆ ದಿನವೂ ಬರುವ ಗಿರಾಕಿ ತಪ್ಪುತ್ತಾನೆ, ಏರಿಸದಿದ್ದರೆ ತಮ್ಮದೇ ಬೋನಸ್ ಇಳಿಯುತ್ತದೆ. ಮಾಲೀಕರೂ ಕೂಲಿಕಾರರೂ ಒಬ್ಬರೇ ಆಗಿರುವಲ್ಲಿ ಈ ಚರ್ಚೆ ಹೇಗೆ ಸಾಗಿತೆಂಬುದು ನಿಮ್ಮ ಬರಹದ ಅತಿ ಬೆಲೆಯುಳ್ಳ ಪುಟವಾಗುತ್ತದೆ.

ನೌಕರರೊಡನೆ ಮಾತು

ನಿವೃತ್ತರನ್ನು ಮೊದಲು ಕಾಣಿ. ಅವರ ಮನೆಗೇ ಹೋಗಿ, ಮನೆಮಾತು ಮಲಯಾಳವೋ ತಮಿಳೋ ಆಗಿದ್ದರೆ ಆ ಭಾಷೆ ಬಲ್ಲವರನ್ನು ಜೊತೆಗೆ ಕರೆದುಕೊಂಡು ಹೋಗಿ. ಸಪ್ಲೈಯರ್ ಆಗಿದ್ದವರನ್ನೂ ಬಹುವಚನದಲ್ಲಿಯೇ ಮಾತನಾಡಿಸಬೇಕೆಂದು ಹೇಳಬೇಕಾಗಬಾರದು. ಆದರೂ ಹೋಟೆಲಿನವರನ್ನು ಏಕವಚನದಲ್ಲಿ ಕರೆಯುವ ಹಳೆಯ ಚಾಳಿ ನಮ್ಮಲ್ಲಿ ಇನ್ನೂ ಇರುವುದರಿಂದ ಹೇಳುತ್ತಿದ್ದೇನೆ.

“ಆ ಕಾಲ ಹೇಗಿತ್ತು ಸಾರ್?” ಎಂದು ಕೇಳಿದರೆ “ಚೆನ್ನಾಗಿತ್ತು” ಎಂಬ ಉತ್ತರ ಬರುತ್ತದೆ, ಅಷ್ಟೇ. ಕೆಲಸದ ವಿವರವನ್ನೇ ಕೇಳಿ. ಬೆಳಿಗ್ಗೆ ಬಾಗಿಲು ತೆಗೆಯುತ್ತಿದ್ದವರು ಯಾರು? ಮೊದಲ ಡಿಕಾಕ್ಷನ್ ಎಷ್ಟು ಗಂಟೆಗೆ ಇಳಿಯುತ್ತಿತ್ತು? ಹಾಲು ಯಾರು ಹಾಕುತ್ತಿದ್ದರು? ಬೀಜವನ್ನು ಎಲ್ಲಿಂದ ಕೊಳ್ಳುತ್ತಿದ್ದರು, ಹುರಿಯುವುದು ಪುಡಿ ಮಾಡುವುದು ಎಲ್ಲಿ? ತಟ್ಟೆ ಒಡೆದರೆ ಯಾರ ಲೆಕ್ಕಕ್ಕೆ? ಟಿಪ್ಸ್ ಅವರವರಿಗೋ, ಒಟ್ಟಿಗೆ ಹಂಚಿಕೆಯೋ? ಬಿಳಿಯ ಸಮವಸ್ತ್ರ, ಬೀಸಣಿಗೆಯಂತೆ ಅರಳಿದ ಪೇಟ, ಅಗಲವಾದ ನಡುಪಟ್ಟಿ ಇವು ಕಾಫಿ ಹೌಸಿನ ಗುರುತಾಗಿ ಎಲ್ಲರಿಗೂ ಗೊತ್ತು. ಆ ಪೇಟಕ್ಕೆ ಗಂಜಿ ಹಾಕಿ ಮಡಿಕೆ ಹಿಡಿಯುತ್ತಿದ್ದವರು ಯಾರು, ನಡುಪಟ್ಟಿಯ ಬಣ್ಣ ಬೇರೆಯಾಗಿದ್ದರೆ ಅದು ಯಾವ ದರ್ಜೆಗೆ, ಬಟ್ಟೆ ತೊಳೆಯುವ ಖರ್ಚು ಸಂಘದ್ದೋ ನೌಕರರದ್ದೋ ಎಂಬುದನ್ನು ಕೇಳಿದವರು ಕಡಿಮೆ. ಮಹಾಸಭೆಯಲ್ಲಿ ಎದ್ದುನಿಂತು ಮಾತನಾಡಿದ್ದು ನೆನಪಿದೆಯೇ, ಚುನಾವಣೆಗೆ ನಿಂತಿದ್ದರೇ, ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಳ್ಳುವ ಮಾತು ಯಾವಾಗ ಬಂತು ಎಂಬುವನ್ನು ಕೊನೆಯಲ್ಲಿ ಕೇಳಿ. ಅಷ್ಟು ಹೊತ್ತಿಗೆ ಮಾತು ಸಲೀಸಾಗಿರುತ್ತದೆ.

ನೆನಪಿನ ತಾರೀಖು ಕಾಗದದ ತಾರೀಖಿಗೆ ಹೊಂದದಿದ್ದರೆ ಹೇಳಿದವರನ್ನು ತಿದ್ದಲು ಹೋಗಬೇಡಿ. ಎರಡನ್ನೂ ಬರೆದುಕೊಂಡು, ಯಾವುದು ಯಾವ ಮೂಲದ್ದೆಂದು ಬರಹದಲ್ಲಿ ತಿಳಿಸಿ. ಧ್ವನಿಮುದ್ರಣ ಮಾಡುವ ಮುನ್ನ ಒಪ್ಪಿಗೆ ಕೇಳಿ, ಹೆಸರು ಹಾಕಬಹುದೇ ಎಂಬುದನ್ನು ಪ್ರತ್ಯೇಕವಾಗಿ ಕೇಳಿ. ಸಂಘದೊಳಗಿನ ಜಗಳಗಳು, ಮುಷ್ಕರಗಳು ಬಂದಾಗ ಎರಡೂ ಕಡೆಯವರನ್ನು ಕಾಣದೆ ಒಂದಕ್ಷರವನ್ನೂ ಅಚ್ಚಿಗೆ ಕಳಿಸಬೇಡಿ.

ಕಟ್ಟಡ, ಬಾಡಿಗೆ, ಪತ್ರಿಕೆ

ಕಾಫಿ ಹೌಸುಗಳು ಊರಿನ ಅತ್ಯಂತ ದುಬಾರಿ ಬೀದಿಗಳಲ್ಲಿ ಹಳೆಯ ಬಾಡಿಗೆಯಲ್ಲಿ ಬದುಕಿದವು. ಹಾಗಾಗಿ ಅವುಗಳ ಚರಿತ್ರೆಯ ಅರ್ಧ ಭಾಗ ಜಾಗದ ಚರಿತ್ರೆ. ಬೆಂಗಳೂರಿನ ಎಂ.ಜಿ. ರಸ್ತೆಯ ಮಳಿಗೆ ದಶಕಗಳ ಮೇಲೆ 2009ರಲ್ಲಿ ಆ ಜಾಗವನ್ನು ಬಿಟ್ಟು ಚರ್ಚ್ ಸ್ಟ್ರೀಟಿಗೆ ಬಂತು. ಕೋಲ್ಕತ್ತದ ಕಾಲೇಜ್ ಸ್ಟ್ರೀಟಿನ ಕಾಫಿ ಹೌಸ್ ಹಳೆಯ ಆಲ್ಬರ್ಟ್ ಹಾಲಿನಲ್ಲಿದೆ. 1958ರಲ್ಲಿ ಅದು ಮುಚ್ಚಿದಾಗ ಪ್ರೆಸಿಡೆನ್ಸಿ ಕಾಲೇಜು ಮತ್ತು ಕಲ್ಕತ್ತ ವಿಶ್ವವಿದ್ಯಾಲಯದ ಅಧ್ಯಾಪಕರು ಮನವಿ ಸಲ್ಲಿಸಿ ತೆರೆಸಿದರು. ದೆಹಲಿಯ ಕನಾಟ್ ಪ್ಲೇಸಿನ ಕಾಫಿ ಹೌಸನ್ನು ತುರ್ತುಪರಿಸ್ಥಿತಿಯ ಕಾಲದಲ್ಲಿ ಕೆಡವಲಾಯಿತು. ಈಗಿನದು ಮೋಹನ್ ಸಿಂಗ್ ಪ್ಲೇಸಿನಲ್ಲಿದೆ. ಇವಕ್ಕೆಲ್ಲ ವಿರುದ್ಧವಾದ ಉದಾಹರಣೆ ತಿರುವನಂತಪುರದ ತಂಪಾನೂರಿನದು. ಅಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಕಾಫಿ ಹೌಸಿಗೆಂದೇ ಇಟ್ಟಿಗೆಯ ಸುರುಳಿ ಕಟ್ಟಡವನ್ನು ರೂಪಿಸಿದರು. ಇಳಿಜಾರಾಗಿ ಮೇಲೇರುವ ಒಂದೇ ನೆಲದ ಉದ್ದಕ್ಕೂ ಮೇಜುಗಳಿವೆ, ಗೋಡೆಯ ಇಟ್ಟಿಗೆಗಳ ನಡುವಿನ ಕಿಂಡಿಗಳಿಂದ ಗಾಳಿಬೆಳಕು ಬರುತ್ತದೆ. ನಿಮ್ಮ ಊರಿನ ಮಳಿಗೆ ಬಾಡಿಗೆಯ ಜಾಗದಲ್ಲಿದೆಯೇ, ಸ್ವಂತದ್ದೇ, ನಗರಸಭೆಯದ್ದೇ ಎಂದು ವಿಚಾರಿಸಿ. ವ್ಯಾಜ್ಯ ನಡೆದಿದ್ದರೆ ತೀರ್ಪುಗಳನ್ನು ಹುಡುಕಿ: ಬಾಡಿಗೆ ಎಷ್ಟಿತ್ತು, ಯಾವ ವರ್ಷದಿಂದ ವಾಸ ಎಂಬ ವಿವರಗಳು ತೀರ್ಪಿನ ಮೊದಲ ಪ್ಯಾರಾಗಳಲ್ಲಿಯೇ ಸಿಗುತ್ತವೆ.

ಪತ್ರಿಕೆಗಳನ್ನು ಕೊನೆಗೆ ನೋಡಿ, ಏಕೆಂದರೆ ತಾರೀಖು ಕೈಯಲ್ಲಿಲ್ಲದೆ ಹಳೆಯ ಸಂಪುಟಗಳನ್ನು ತಿರುವಿಹಾಕುವುದು ಕಣ್ಣಿಗೂ ಕಾಲಕ್ಕೂ ನಷ್ಟ. ಪ್ರಜಾವಾಣಿ, ಡೆಕ್ಕನ್ ಹೆರಾಲ್ಡ್ ಎರಡೂ 1948ರಲ್ಲಿ ಆರಂಭವಾದುದರಿಂದ ಸಂಘದ ಹುಟ್ಟಿನ ವಾರದ ಸಂಚಿಕೆಗಳು ಇರಬೇಕು. ಉದ್ಘಾಟನೆಯ ಸುದ್ದಿಗಿಂತ ಒಳಪುಟಗಳ ವಾಚಕರ ಪತ್ರಗಳಿಗೂ ಸಣ್ಣ ಜಾಹೀರಾತುಗಳಿಗೂ ಹೆಚ್ಚು ಗಮನ ಕೊಡಿ.

ಬರಹ ಸಿದ್ಧವಾದ ಮೇಲೆ ಅಚ್ಚಿಗೆ ಮೊದಲು ಒಂದು ಪ್ರತಿಯನ್ನು ಸಂಘದ ಕಚೇರಿಗೂ, ಸಂದರ್ಶನ ಕೊಟ್ಟ ಪ್ರತಿಯೊಬ್ಬರಿಗೂ ಕೊಡಿ. ಓದಲಾರದವರಿಗೆ ಅವರ ಭಾಗವನ್ನು ಓದಿ ಹೇಳಿ. ಅವರು ತೋರಿಸಿದ ತಪ್ಪುಗಳನ್ನು ತಿದ್ದಿ. ಕಾಗದಗಳ ಚಿತ್ರಗಳನ್ನೂ ಧ್ವನಿಮುದ್ರಣಗಳನ್ನೂ ವರ್ಷ, ಮಳಿಗೆ, ಕಾಗದದ ಬಗೆ ಎಂಬ ಕ್ರಮದಲ್ಲಿ ಹೆಸರಿಸಿ ಎರಡು ಪೆನ್‌ಡ್ರೈವುಗಳಲ್ಲಿ ಹಾಕಿ, ಒಂದನ್ನು ಸಂಘಕ್ಕೆ, ಇನ್ನೊಂದನ್ನು ಮಾತನಾಡಿದವರ ಒಪ್ಪಿಗೆಯಿದ್ದರೆ ಹತ್ತಿರದ ವಿಶ್ವವಿದ್ಯಾಲಯದ ಇತಿಹಾಸ ವಿಭಾಗಕ್ಕೆ ಒಪ್ಪಿಸಿ, ಒಪ್ಪಿಸಿದ್ದಕ್ಕೆ ರಸೀದಿ ಪಡೆಯಿರಿ.